ಎರಡು ರೂಪಾಯಿಯ ಯಜಮಾನರು: ‘ಮಂಥನ್’ ಎತ್ತುವ ಪ್ರಶ್ನೆಗಳು

ಇತ್ತೀಚಿನ ವರ್ಷಗಳಲ್ಲಿ ಯಾವುದೇ ದೊಡ್ಡ ಕಂಪೆನಿಯ ವಾರ್ಷಿಕ ವರದಿಯನ್ನು ಬಿಡಿಸಿ ನೋಡಿದರೂ ಮೊದಲ ಪುಟಗಳಲ್ಲೇ ಒಂದು ಮಾತು ಎದುರಾಗುತ್ತದೆ. ಸಂಬಂಧಪಟ್ಟ ಎಲ್ಲರ ಹಿತವೇ ನಮ್ಮ ಗುರಿ ಎಂಬ ಮಾತು ಅದು. ‘ಸ್ಟೇಕ್‌ಹೋಲ್ಡರ್’ ಎಂಬ ಇಂಗ್ಲಿಷ್ ಪದ ಈಗ ನಮ್ಮ ಕಚೇರಿಗಳಲ್ಲೂ ಸಭೆ ಸಮಾರಂಭಗಳಲ್ಲೂ ಸಲೀಸಾಗಿ ಓಡಾಡುತ್ತಿದೆ. ಹಣ ಹೂಡಿದವನು ಮಾತ್ರವಲ್ಲ, ಅಲ್ಲಿ ದುಡಿಯುವವನು, ಅದಕ್ಕೆ ಸರಕು ಒದಗಿಸುವವನು, ಅದರ ಸರಕನ್ನು ಕೊಳ್ಳುವವನು, ಅದರ ನೆರೆಯಲ್ಲಿ ಬದುಕುವವನು, ಹೀಗೆ ಒಂದು ಸಂಸ್ಥೆಯ ಏಳುಬೀಳಿನೊಂದಿಗೆ ಯಾರ ಯಾರ ಮನೆಯ ಒಲೆ ಉರಿಯುತ್ತದೋ ಆರುತ್ತದೋ ಅವರೆಲ್ಲರೂ ಈ ಪದದೊಳಗೆ ಬರುತ್ತಾರೆ. ನಮ್ಮ ದೇಶದ 2013ರ ಕಂಪೆನಿ ಕಾಯ್ದೆಯಂತೂ ತನ್ನ 166ನೇ ಸೆಕ್ಷನ್ನಿನಲ್ಲಿ ಇದನ್ನು ನಿರ್ದೇಶಕರ ಕರ್ತವ್ಯವೆಂದೇ ಬರೆದಿಟ್ಟಿದೆ. ಷೇರುದಾರರ ಜೊತೆಗೆ ನೌಕರರ, ಸಮಾಜದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ಅವರು ನೋಡಬೇಕು.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ಈ ‘ಎಲ್ಲರ’ ಹಿತಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಏನು ಮಾಡಬೇಕು? ನೇತೃತ್ವ ವಹಿಸಿದವನು ಆಗ ಯಾರ ಪಕ್ಕ ನಿಲ್ಲಬೇಕು? ನಿಂತದ್ದರ ಬೆಲೆಯನ್ನು ಯಾರು ತೆರಬೇಕು? ವರದಿಗಳು ಈ ಪ್ರಶ್ನೆಗಳ ಹತ್ತಿರ ಸುಳಿಯುವುದಿಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ಒಂದು ಹಿಂದಿ ಚಲನಚಿತ್ರ ಈ ಪ್ರಶ್ನೆಗಳನ್ನೆಲ್ಲ ಒಂದು ಹಳ್ಳಿಯ ಧೂಳಿನಲ್ಲಿ ನಿಲ್ಲಿಸಿ ಕೇಳಿತ್ತು. ಅದು ಶ್ಯಾಮ್ ಬೆನೆಗಲ್ ಅವರ ‘ಮಂಥನ್’. 1976ರಲ್ಲಿ ತೆರೆಕಂಡ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ದುರಸ್ತಿಗೊಳಿಸಿ 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿತು. ಜೂನಿನಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೂ ಮರಳಿ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಬೆನೆಗಲ್ ತೀರಿಕೊಂಡರು. ಅವರನ್ನು ನೆನೆಯಲು ಈ ಚಿತ್ರವನ್ನು ಇನ್ನೊಮ್ಮೆ ನೋಡುವುದಕ್ಕಿಂತ ಒಳ್ಳೆಯ ದಾರಿ ಬೇರೆ ಇರಲಾರದು ಎಂದು ನಾವು ಭಾವಿಸುತ್ತೇವೆ.

ಚಿತ್ರ ತಯಾರಾದ ಕತೆಯೇ ಒಂದು ಪಾಠ. ಇದಕ್ಕೆ ಬಂಡವಾಳ ಹೂಡಿದ್ದು ಮುಂಬೈಯ ಸೇಠ್‌ಗಳಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕ ರೈತರು ತಲಾ 2 ರೂಪಾಯಿ ಕೊಟ್ಟರು. ಹತ್ತು ಲಕ್ಷ ರೂಪಾಯಿ ಒಟ್ಟಾಯಿತು. ಆ ಐದು ಲಕ್ಷ ರೈತರೇ ಈ ಚಿತ್ರವನ್ನು ಅರ್ಪಿಸುತ್ತಿದ್ದಾರೆಂದು ತೆರೆಯ ಮೇಲೆ ಬರುತ್ತದೆ. ಬಿಡುಗಡೆಯಾದಾಗ ಆ ನಿರ್ಮಾಪಕರು ಹಳ್ಳಿಗಳಿಂದ ಲಾರಿಗಳಲ್ಲಿ ತುಂಬಿಕೊಂಡು ತಮ್ಮದೇ ಚಿತ್ರವನ್ನು ನೋಡಲು ಬಂದರಂತೆ. ಚಿತ್ರಕಥೆ ವಿಜಯ್ ತೆಂಡೂಲ್ಕರ್ ಅವರದ್ದು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಂಭಾಷಣೆ ಬರೆದವರು ಕೈಫಿ ಆಝ್ಮಿ. ‘ಗರಂ ಹವಾ’ದಲ್ಲಿ ದೇಶ ಇಬ್ಭಾಗವಾದ ಮೇಲೆ ಇಲ್ಲೇ ಉಳಿದ ಒಂದು ಮುಸ್ಲಿಮ್ ಕುಟುಂಬದ ಸಂಕಟಕ್ಕೆ ಮಾತು ಕೊಟ್ಟ ಉರ್ದು ಕವಿ, ಇಲ್ಲಿ ಗುಜರಾತಿನ ದಲಿತ ಕೇರಿಯ ಸಿಟ್ಟಿಗೆ ಮಾತು ಕೊಟ್ಟಿದ್ದಾರೆ. ಮುಖ್ಯ ಪಾತ್ರದಲ್ಲಿ ನಮ್ಮ ಗಿರೀಶ್ ಕಾರ್ನಾಡ್ ಇದ್ದಾರೆ. ಅವರ ಜೊತೆಗಾರನಾಗಿ ಅನಂತನಾಗ್ ಇದ್ದಾರೆ. ಹಾಗಾಗಿ ಕನ್ನಡಿಗರಿಗೆ ಇದು ಪರಕೀಯ ಚಿತ್ರವೇನೂ ಅಲ್ಲ.

ಕತೆ ಸರಳವಾಗಿದೆ. ಪಶುವೈದ್ಯ ಡಾ. ರಾವ್ ತನ್ನ ತಂಡದೊಂದಿಗೆ ಗುಜರಾತಿನ ಹಳ್ಳಿಯೊಂದಕ್ಕೆ ಬಂದಿಳಿಯುತ್ತಾನೆ. ಹಾಲಿನ ಸಹಕಾರಿ ಸಂಘವನ್ನು ಕಟ್ಟುವುದು ಅವನ ಕೆಲಸ. ಅಲ್ಲಿ ಈಗಾಗಲೇ ಮಿಶ್ರಾ (ಅಮರೀಶ್ ಪುರಿ) ಎಂಬವನ ಖಾಸಗಿ ಡೇರಿ ಇದೆ. ಅವನು ಕೊಟ್ಟದ್ದೇ ಬೆಲೆ. ಊರಿಗೆ ಒಬ್ಬ ಸರಪಂಚ (ಕುಲಭೂಷಣ್ ಖರಬಂದಾ) ಇದ್ದಾನೆ. ಅವನು ಹೇಳಿದ್ದೇ ನ್ಯಾಯ. ಊರ ಹೊರಗೆ ದಲಿತರ ಕೇರಿ ಇದೆ. ಅಲ್ಲಿ ಯಾರನ್ನೂ ನಂಬದ, ಸದಾ ಕುದಿಯುವ ತರುಣ ಭೋಲಾ (ನಸೀರುದ್ದೀನ್ ಶಾ) ಇದ್ದಾನೆ. ಗಂಡ ಬಿಟ್ಟುಹೋದ, ಎಮ್ಮೆ ಕಟ್ಟಿಕೊಂಡು ಬದುಕುವ ಬಿಂದು (ಸ್ಮಿತಾ ಪಾಟೀಲ್) ಇದ್ದಾಳೆ. ಸಂಘ ಎಂದರೆ ಇವರೆಲ್ಲರದ್ದೂ ಆಗಬೇಕು. ಹೇಗೆ?

ರಾವ್ ಮೊದಲು ಮಾಡುವ ಕೆಲಸವನ್ನು ಗಮನಿಸಬೇಕು. ಅವನು ಭಾಷಣ ಮಾಡುವುದಿಲ್ಲ. ಹಾಲಿನ ಸ್ಯಾಂಪಲ್ ತೆಗೆದು ಫ್ಯಾಟ್ ಪರೀಕ್ಷೆ ಮಾಡುತ್ತಾನೆ. ಎಮ್ಮೆ ಹಾಲಿನಲ್ಲಿ ಜಿಡ್ಡು ಎಷ್ಟಿದೆ, ಅದಕ್ಕೆ ಎಷ್ಟು ಬೆಲೆ ಸಿಗಬೇಕು, ಈಗ ಸಿಗುತ್ತಿರುವುದೆಷ್ಟು ಎಂಬುದು ಆ ಗಾಜಿನ ನಳಿಗೆಯಲ್ಲಿ ಕಾಣುತ್ತದೆ. ಕಾಳಜಿ ಎಂದರೆ ಕಣ್ಣೀರು ಒರೆಸುವುದು, ಸಿಹಿ ಮಾತಾಡುವುದು ಎಂದು ತಿಳಿದವರಿಗೆ ಇದು ಶುಷ್ಕ ಕೆಲಸದಂತೆ ಕಂಡೀತು. ಆದರೆ ಬಡವನ ಮೇಲೆ ತೋರಬಹುದಾದ ಮೊದಲ ಕಾಳಜಿ ನೇರವಾದ ಅಳತೆಯೇ. ಮಿಶ್ರಾ ಕಷ್ಟಕಾಲದಲ್ಲಿ ಸಾಲ ಕೊಡುತ್ತಾನೆ, ನಗುತ್ತಾ ಮಾತಾಡಿಸುತ್ತಾನೆ, ಎಲ್ಲರ ಹೆಸರನ್ನೂ ಬಲ್ಲ. ಅಳತೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಡುತ್ತಾನೆ. ನಮ್ಮ ಸುತ್ತಮುತ್ತ ಇಂತಹ ಪ್ರೀತಿಯ ಧನಿಗಳು ಎಷ್ಟು ಮಂದಿ ಇಲ್ಲ! ಕೂಲಿಯಲ್ಲಿ ಕಡಿತ ಮಾಡಿ ಹಬ್ಬಕ್ಕೆ ಬಟ್ಟೆ ಕೊಡುವ ಔದಾರ್ಯವನ್ನು ಅರ್ಥ ಮಾಡಿಕೊಳ್ಳಲು ಅಮರೀಶ್ ಪುರಿಯವರ ಆ ಮೆಲುದನಿಯ ಅಭಿನಯವನ್ನು ನೋಡಬೇಕು.

ಎರಡನೆಯ ಹಂತದಲ್ಲಿ ಚಿತ್ರ ಬಿಗಿಯಾಗುತ್ತದೆ. ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ಒಬ್ಬನಿಗೆ ಒಂದೇ ಮತ. ಹತ್ತು ಎಮ್ಮೆ ಇದ್ದವನಿಗೂ ಒಂದು, ಒಂದೇ ಎಮ್ಮೆ ಇದ್ದವನಿಗೂ ಒಂದು. ಸರಪಂಚನ ಎದುರು ದಲಿತ ಅಭ್ಯರ್ಥಿ ನಿಲ್ಲುತ್ತಾನೆ, ಗೆಲ್ಲುತ್ತಾನೆ. ರಾವ್‌ನ ಸಹೋದ್ಯೋಗಿ ದೇಶ್‌ಮುಖ್ (ಮೋಹನ್ ಅಗಾಶೆ) ಮೊದಲಿನಿಂದಲೂ ಎಚ್ಚರಿಸುತ್ತಾ ಬಂದವನು. ನಾವು ಬಂದಿರುವುದು ಹಾಲಿಗಾಗಿ, ಊರಿನ ಜಾತಿಯ ಜಗಳಕ್ಕೆ ಕೈ ಹಾಕುವುದು ಬೇಡ ಎಂಬುದು ಅವನ ನಿಲುವು. ರಾವ್ ಒಪ್ಪುವುದಿಲ್ಲ. ಜಾತಿಯನ್ನು ಹಾಗೆಯೇ ಬಿಟ್ಟು ಕಟ್ಟಿದ ಸಂಘ ಸರಪಂಚನ ಎರಡನೆಯ ಜೇಬಾಗುತ್ತದೆ ಎಂದು ಅವನಿಗೆ ಗೊತ್ತು.

ಈ ಇಬ್ಬರಲ್ಲಿ ಸರಿ ಯಾರು? ಮೇಲ್ನೋಟಕ್ಕೆ ರಾವ್. ನಮ್ಮ ಒಲವೂ ಅವನ ಕಡೆಗೇ. ‘ಎಲ್ಲರ ಹಿತ’ ಎಂಬ ಮಾತು ಬಲಿಷ್ಠನನ್ನೂ ದುರ್ಬಲನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆ ತಕ್ಕಡಿ ಬಲಿಷ್ಠನ ಕಡೆಗೇ ವಾಲುತ್ತದೆ. ಆದರೆ ಚಿತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಸೋತ ಸರಪಂಚ ಮಿಶ್ರಾನ ಜೊತೆ ಸೇರುತ್ತಾನೆ. ದಲಿತರ ಗುಡಿಸಲುಗಳು ಉರಿಯುತ್ತವೆ. ಇಲ್ಲಿ ಪ್ರೇಕ್ಷಕ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸರಿಯಾದ ನಿಲುವು ತೆಗೆದುಕೊಂಡದ್ದು ರಾವ್. ಮನೆ ಸುಟ್ಟುಹೋದದ್ದು ಯಾರದ್ದು? ನಾಯಕನ ಧೈರ್ಯದ ಬಿಲ್ಲನ್ನು ಹಿಂಬಾಲಕರು ಪಾವತಿಸುವ ಪದ್ಧತಿ ನಮ್ಮ ಸಾರ್ವಜನಿಕ ಬದುಕಿನಲ್ಲಿ ಹೊಸದಲ್ಲ. ದೇಶ್‌ಮುಖ್‌ನ ಮಾತು ಹೇಡಿಯ ಮಾತಾಗಿ ಕೇಳಿಸಿದರೂ ಅದರೊಳಗೆ ಒಂದು ತಿರುಳಿದೆ. ಬಡವರನ್ನು ಎದ್ದು ನಿಲ್ಲುವಂತೆ ಹುರಿದುಂಬಿಸುವವನು, ಅವರ ಮೇಲೆ ಏಟು ಬೀಳುವ ದಿನಕ್ಕೂ ಸಿದ್ಧತೆ ಮಾಡಿರಬೇಕು. ರಾವ್ ಚುನಾವಣೆಗೆ ಸಿದ್ಧನಾಗಿದ್ದ, ಚುನಾವಣೆಯ ಮರುದಿನಕ್ಕೆ ಸಿದ್ಧನಾಗಿರಲಿಲ್ಲ.

ಮೂರನೆಯದಾಗಿ ಹೆಂಗಸರ ವಿಷಯ. ನಮ್ಮ ದೃಷ್ಟಿಯಲ್ಲಿ ಚಿತ್ರದ ಶಕ್ತಿ ಮತ್ತು ದೌರ್ಬಲ್ಯ ಎರಡೂ ಇಲ್ಲೇ ಇವೆ. ಹಾಲಿನ ಕೆಲಸ ಹೆಂಗಸರ ಕೆಲಸ. ಹುಲ್ಲು ತರುವುದು, ಹಿಂಡಿ ಕಲಸುವುದು, ಸೆಗಣಿ ಬಾಚುವುದು, ಕರೆಯುವುದು ಎಲ್ಲವೂ ಅವರದ್ದೇ. ಬಿಂದುವಿನ ಮೂಲಕ ಬೆನೆಗಲ್ ಇದನ್ನು ಅಚ್ಚುಕಟ್ಟಾಗಿ ಕಾಣಿಸುತ್ತಾರೆ. ಆದರೆ ಸಂಘದ ರಾಜಕಾರಣ ಶುರುವಾದ ಮೇಲೆ ಪೈಪೋಟಿಯೆಲ್ಲ ಗಂಡಸರದ್ದಾಗುತ್ತದೆ. ಬಿಂದುವಿನ ಪಾಲಿಗೆ ಉಳಿಯುವುದು ಮಿಶ್ರಾ ಮೋಸದಿಂದ ಒತ್ತಿಸಿಕೊಂಡ ಹೆಬ್ಬೆಟ್ಟು. ಆ ಕಾಗದದಲ್ಲಿರುವುದು ರಾವ್‌ನ ಮೇಲೆ ಅತ್ಯಾಚಾರದ ಸುಳ್ಳು ಆರೋಪ. ಓದಲು ಬಾರದ ಹೆಣ್ಣಿನ ಬೆರಳನ್ನು ಎರಡು ಬಣಗಳ ಹೋರಾಟದಲ್ಲಿ ಆಯುಧ ಮಾಡಿಕೊಳ್ಳಲಾಯಿತು. ಅವಳನ್ನು ಸಂಘಕ್ಕೆ ಕರೆತಂದವರಿಗೆ, ಅವಳು ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು, ಯಾವುದಕ್ಕೆ ಒತ್ತಬಾರದು ಎಂಬಷ್ಟು ಅಕ್ಷರವನ್ನಾದರೂ ಕಲಿಸಬೇಕೆಂದು ತೋಚಲಿಲ್ಲವೇ? ಚಿತ್ರ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅದು ರಾವ್‌ನ ಮುಖದ ನೋವಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಪ್ರಸಂಗದಲ್ಲಿ ನಿಜವಾಗಿ ಎಲ್ಲವನ್ನೂ ಕಳೆದುಕೊಂಡವಳು ಬಿಂದು ಎಂಬುದನ್ನು ಸ್ಮಿತಾ ಪಾಟೀಲರ ಕಣ್ಣುಗಳು ಹೇಳುತ್ತವೆ, ಚಿತ್ರಕಥೆ ಹೇಳುವುದಿಲ್ಲ.

ರಾವ್‌ನ ಹೆಂಡತಿಯ ಕತೆಯೂ ಹೀಗೆಯೇ. ಗಂಡನ ಹಿಂದೆ ಆ ಹಳ್ಳಿಗೆ ಬಂದವಳು ಕಾಯಿಲೆ ಬೀಳುತ್ತಾಳೆ. ಊರಿಗೆಲ್ಲ ಆಗುವವನು ಮನೆಗೆ ಆಗುವುದಿಲ್ಲ. ಸಮಾಜಸೇವಕರ ಮನೆಯ ಹೆಂಗಸರು ಈ ದೃಶ್ಯಗಳನ್ನು ನೋಡಿ ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ಸಂಸ್ಥೆ ಕಟ್ಟುವವನ ಕುಟುಂಬವೂ ಆ ಸಂಸ್ಥೆಗೆ ಸಂಬಂಧಪಟ್ಟವರ ಪಟ್ಟಿಯಲ್ಲಿ ಇರಬೇಕಲ್ಲವೇ? ತಂಡದ ಚಂದಾವರ್ಕರ್ (ಅನಂತನಾಗ್) ಕೇರಿಯ ಹುಡುಗಿಯೊಂದಿಗೆ ಸಂಬಂಧ ಬೆಳೆಸಿದಾಗ ರಾವ್ ಅವನನ್ನು ಊರಿನಿಂದ ಕಳುಹಿಸಿಬಿಡುತ್ತಾನೆ. ಸಂಸ್ಥೆಯ ಹೆಸರು ಉಳಿಯಿತು. ಆ ಹುಡುಗಿಗೆ ಏನು ಉಳಿಯಿತು? ತಪ್ಪು ಮಾಡಿದವನನ್ನು ವರ್ಗಾಯಿಸಿ ಕೈ ತೊಳೆದುಕೊಳ್ಳುವ ಕ್ರಮ ಇಂದಿಗೂ ನಮ್ಮ ಇಲಾಖೆಗಳಲ್ಲಿ, ಶಾಲೆಗಳಲ್ಲಿ ನಡೆಯುತ್ತಿದೆ.

ಇನ್ನು ಚಿತ್ರದ ಬಗ್ಗೆ ನಮ್ಮ ಮುಖ್ಯ ತಕರಾರು. ಚಿತ್ರದಲ್ಲಿ ಸಂಘ ಹೊರಗಿನಿಂದ ಬರುತ್ತದೆ. ವಿದ್ಯಾವಂತ ಅಧಿಕಾರಿ ರೈಲಿನಿಂದ ಇಳಿಯುತ್ತಾನೆ, ಮಲಗಿದ್ದ ಹಳ್ಳಿಯನ್ನು ಎಬ್ಬಿಸುತ್ತಾನೆ. ಆದರೆ ಈ ಚಿತ್ರಕ್ಕೆ ಸ್ಫೂರ್ತಿಯಾದ ಖೇಡಾ ಜಿಲ್ಲೆಯ ಚರಿತ್ರೆ ಬೇರೆಯೇ ಇದೆ. ಅಲ್ಲಿ ಪೋಲ್ಸನ್ ಡೇರಿಗೆ ಮುಂಬೈಗೆ ಹಾಲು ಒದಗಿಸುವ ಗುತ್ತಿಗೆ ಸಿಕ್ಕಿತ್ತು. ಲಾಭ ಡೇರಿಗೂ ದಲ್ಲಾಳಿಗಳಿಗೂ ಹೋಗುತ್ತಿತ್ತು. ರೈತರು ಸರ್ದಾರ್ ಪಟೇಲರ ಬಳಿ ದೂರು ಒಯ್ದರು. ನಿಮ್ಮದೇ ಸಹಕಾರಿ ಸಂಘ ಕಟ್ಟಿಕೊಳ್ಳಿ ಎಂಬ ಸಲಹೆ ಸಿಕ್ಕಿತು. ಪಟೇಲರು ಕಳುಹಿಸಿದ ಮೊರಾರ್ಜಿ ದೇಸಾಯಿ ಅವರ ಸಮ್ಮುಖದಲ್ಲಿ 1946ರ ಜನವರಿ 4ರಂದು ಸಮರ್ಖಾ ಎಂಬ ಊರಲ್ಲಿ ಸಭೆ ಸೇರಿತು. ಸರಕಾರ ಒಪ್ಪದಿದ್ದಾಗ ರೈತರು ಹದಿನೈದು ದಿನ ಹಾಲು ಕೊಡದೆ ಮುಷ್ಕರ ಹೂಡಿದರು. ಹಾಲನ್ನು ಚೆಲ್ಲಿದರೇ ಹೊರತು ಮಾರಲಿಲ್ಲ. 1946ರ ಡಿಸೆಂಬರ್ 14ರಂದು ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. ಅದರ ಮುಂದಾಳು ತ್ರಿಭುವನದಾಸ್ ಪಟೇಲ್, ಅದೇ ಮಣ್ಣಿನ ಮನುಷ್ಯ. ಕೇರಳದ ಕಲ್ಲಿಕೋಟೆಯಲ್ಲಿ ಹುಟ್ಟಿದ ವರ್ಗೀಸ್ ಕುರಿಯನ್ ಆನಂದ್ ಪಟ್ಟಣಕ್ಕೆ ಬಂದದ್ದು 1949ರಲ್ಲಿ, ಸರಕಾರದ ಕ್ರೀಮರಿಯಲ್ಲಿ ನೌಕರಿಗಾಗಿ, ಅದೂ ಒಲ್ಲದ ಮನಸ್ಸಿನಿಂದ. ಅಲ್ಲಿಂದ ಬಿಟ್ಟು ಹೊರಡಲಿದ್ದವರನ್ನು ಉಳಿಸಿಕೊಂಡವರು ತ್ರಿಭುವನದಾಸ್.

ಅಂದರೆ ರೈತರು ಮೊದಲು ಒಂದಾದರು, ಮ್ಯಾನೇಜರ್ ಆಮೇಲೆ ಬಂದ. ಕುರಿಯನ್ ತಮ್ಮನ್ನು ರೈತರ ನೌಕರನೆಂದು ಕರೆದುಕೊಳ್ಳುತ್ತಿದ್ದುದರ ಅರ್ಥ ಇದೇ. ಎಚ್.ಎಂ. ದಲಾಯ ಅವರು ಎಮ್ಮೆ ಹಾಲಿನಿಂದ ಪುಡಿ ಮಾಡುವ ವಿಧಾನವನ್ನು ಸಾಧಿಸಿ ತೋರಿಸಿದರು. ಹೀಗೆ ಜನರ ವಿಶ್ವಾಸ ಗಳಿಸಿದ ಒಬ್ಬ, ಆಡಳಿತ ಬಲ್ಲ ಒಬ್ಬ, ಯಂತ್ರ ಬಲ್ಲ ಒಬ್ಬ ಕೂಡಿ ನಡೆಸಿದ ನೇತೃತ್ವ ಅದು. ಚಿತ್ರ ಈ ಮೂವರನ್ನೂ ಒಬ್ಬನೇ ರಾವ್‌ನಲ್ಲಿ ಅಡಗಿಸಿತು. ಸಂಘವು ಹಳ್ಳಿಯಿಂದ ಹಳ್ಳಿಗೆ ಹಬ್ಬಿದ ಕಾಲದ ಕತೆ ಇದು, ಆನಂದ್‌ನ ಮೂಲಕತೆಯಲ್ಲ ಎಂದು ಯಾರಾದರೂ ಸಮರ್ಥಿಸಬಹುದು. ಅದರಲ್ಲಿ ಹುರುಳಿದೆ. ಚಿತ್ರ ಬಂದ ಮೇಲೆ ಪಶುವೈದ್ಯ, ಹಾಲಿನ ತಂತ್ರಜ್ಞ, ಮೇವಿನ ತಜ್ಞ ಇವರ ತಂಡಗಳನ್ನು ಇದೇ ಚಿತ್ರದ ಪ್ರತಿಗಳೊಂದಿಗೆ ಹಳ್ಳಿಗಳಿಗೆ ಕಳುಹಿಸಿದ್ದೂ ಉಂಟು. ಆದರೂ ಒಬ್ಬ ಉದ್ಧಾರಕ ಬಂದರೆ ಎಲ್ಲ ಸರಿಯಾಗುತ್ತದೆ ಎಂಬ ನಮ್ಮ ಹಳೆಯ ಚಟಕ್ಕೆ ಚಿತ್ರದ ಮೊದಲರ್ಧ ಇಂಬು ಕೊಡುತ್ತದೆ ಎಂಬುದನ್ನು ಹೇಳದೆ ಇರಲಾಗದು.

ಅಂತ್ಯ ಈ ತಪ್ಪನ್ನು ತಿದ್ದುತ್ತದೆ. ರಾವ್‌ಗೆ ವರ್ಗವಾಗುತ್ತದೆ. ಹೆಂಡತಿಯೊಂದಿಗೆ ರೈಲು ಹತ್ತುತ್ತಾನೆ. ಭೋಲಾ ಓಡಿ ಬರುವಷ್ಟರಲ್ಲಿ ರೈಲು ಹೊರಟಿರುತ್ತದೆ. ಅವನು ಹಿಂದಿರುಗಿ ಸಂಘವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಯಾರನ್ನೂ ನಂಬದಿದ್ದ ಹುಡುಗ ಈಗ ಊರಿಗೆ ನಂಬಿಕೆ ಕೊಡಬೇಕಾದವನು. ನಾಯಕನ ಕಾಳಜಿ ನಿಜವಾಗಿತ್ತೇ ಎಂದು ತಿಳಿಯುವುದು ಅವನು ಹೋದ ಮೇಲೆ. ವಾಸ್ತವದಲ್ಲಿ ಕುರಿಯನ್ ಅವರ ಕತೆ ಇದರ ಇನ್ನೊಂದು ಮುಖ. ಅವರು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯನ್ನು 1965ರಿಂದ 1998ರವರೆಗೆ ನಡೆಸಿದರು. ಗುಜರಾತ್ ಹಾಲು ಮಾರಾಟ ಮಹಾಮಂಡಳದ ಅಧ್ಯಕ್ಷರಾಗಿ 1973ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದು, 2006ರಲ್ಲಿ ಸದಸ್ಯ ಒಕ್ಕೂಟಗಳ ಮುಖಂಡರೊಂದಿಗಿನ ಭಿನ್ನಾಭಿಪ್ರಾಯದ ನಡುವೆ ಹೊರಬಂದರು. ಅವರ ಸಾಧನೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಷ್ಟು ದೊಡ್ಡ ಮನುಷ್ಯನಿಗೂ ಹೊರಡುವ ಹೊತ್ತನ್ನು ಗುರುತಿಸುವುದು ಕಷ್ಟವಾಯಿತು. ರಾವ್ ಬೇಗ ಹೋದ, ಕುರಿಯನ್ ತಡವಾಗಿ ಹೋದರು. ಸಮಯಕ್ಕೆ ಸರಿಯಾಗಿ ಇಳಿಯುವುದೂ ನೇತೃತ್ವದ ಒಂದು ಭಾಗವೇ.

ಕರ್ನಾಟಕಕ್ಕೆ ಈ ಚಿತ್ರ ಹತ್ತಿರವಾಗುವುದು ನಟರಿಂದ ಮಾತ್ರವಲ್ಲ. ಆನಂದ್ ಮಾದರಿಯ ಸಂಘಗಳು ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 1974ರಿಂದ ಇಲ್ಲಿಯೂ ಬೆಳೆದವು. ಇಂದಿನ ಕರ್ನಾಟಕ ಹಾಲು ಮಹಾಮಂಡಳ ಮತ್ತು ಅದರ ‘ನಂದಿನಿ’ ಆ ಮರದ ಹಣ್ಣು. 2023ರ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರುವುದಾಗಿ ಪ್ರಕಟಿಸಿದಾಗ ಎದ್ದ ಗದ್ದಲ ನಮಗೆಲ್ಲ ನೆನಪಿದೆ. ಎರಡೂ ರೈತರ ಸಂಸ್ಥೆಗಳು. ಎರಡೂ ಒಂದೇ ಬಳ್ಳಿಯವು. ಅಂದಿನ ಚರ್ಚೆಯಲ್ಲಿ ನಾಡಿನ ಹೆಮ್ಮೆ ಕೇಳಿಸಿತು, ಚುನಾವಣೆಯ ಲೆಕ್ಕ ಕೇಳಿಸಿತು. ಬೆಳಗಿನ ಐದು ಗಂಟೆಗೆ ಕ್ಯಾನು ಹಿಡಿದು ಸೊಸೈಟಿಯ ಸಾಲಿನಲ್ಲಿ ನಿಲ್ಲುವ ಹೆಂಗಸಿನ ದನಿ ಮಾತ್ರ ಬಹಳ ಕಡಿಮೆ ಕೇಳಿಸಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿದಾಗಲೂ ಇದೇ ಕತೆ. ಪೇಟೆಯ ಮನೆಯಾಕೆಗೆ ಅದು ಹೊರೆ. ಹಿಂಡಿಯ ಬೆಲೆಯಿಂದ ಬೆಂದುಹೋದ ಹಳ್ಳಿಯ ಮನೆಯಾಕೆಗೆ ಅದು ಉಸಿರು. ಇಬ್ಬರೂ ಇದೇ ಸಂಸ್ಥೆಗೆ ಸಂಬಂಧಪಟ್ಟವರು. ಒಬ್ಬಳನ್ನು ಮೆಚ್ಚಿಸಲು ಇನ್ನೊಬ್ಬಳ ಜೇಬಿಗೆ ಕೈ ಹಾಕದೆ, ನಡುವೆ ಸೋರಿಹೋಗುವ ಖರ್ಚು ಎಷ್ಟು ಎಂಬ ಲೆಕ್ಕವನ್ನು ಇಬ್ಬರ ಮುಂದೆಯೂ ಬಿಚ್ಚಿಡುವುದೇ ನಿಜವಾದ ಕಾಳಜಿ. ಇದು ರಾವ್‌ನ ಗಾಜಿನ ನಳಿಗೆಯ ಕೆಲಸವೇ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ.

ಹಾಲಿನ ಮಾತು ಹಾಲಿಗೇ ನಿಲ್ಲಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಜನರ ಚಂದಾದಿಂದ ಎದ್ದು ನಿಂತ ಶಾಲೆಗಳಿವೆ, ಆಸ್ಪತ್ರೆಗಳಿವೆ, ಜಮಾಅತ್ ಕಮಿಟಿಗಳಿವೆ, ಬಡ್ಡಿರಹಿತ ಸಾಲದ ನಿಧಿಗಳಿವೆ. ಗಲ್ಫ್‌ನಲ್ಲಿ ಬೆವರು ಸುರಿಸಿದವನ ನೂರು ರೂಪಾಯಿಯೂ, ಬೀಡಿ ಕಟ್ಟುವ ತಾಯಿಯ ಹತ್ತು ರೂಪಾಯಿಯೂ ಆ ಗೋಡೆಗಳಲ್ಲಿವೆ. ಗೋಡೆ ಎದ್ದ ಮೇಲೆ ಆ ತಾಯಿಗೆ ಅಲ್ಲಿ ಕುರ್ಚಿ ಇದೆಯೇ? ವರ್ಷಕ್ಕೊಮ್ಮೆಯಾದರೂ ಲೆಕ್ಕಪತ್ರ ಅವಳ ಕಿವಿಗೆ ಬೀಳುತ್ತದೆಯೇ? ಅಲ್ಲಿ ಕಲಿಸುವ ಟೀಚರಮ್ಮನ ಸಂಬಳ, ಸಹಿ ಹಾಕಿಸಿಕೊಂಡ ಮೊತ್ತಕ್ಕೆ ಸರಿಯಾಗಿ ಕೈಗೆ ಸಿಗುತ್ತದೆಯೇ? ಇಪ್ಪತ್ತು ವರ್ಷಗಳಿಂದ ಅದೇ ಅಧ್ಯಕ್ಷ, ಅದೇ ಕಾರ್ಯದರ್ಶಿ ಎಂಬುದನ್ನು ನಾವು ನಿಷ್ಠೆ ಎಂದು ಹೊಗಳುತ್ತಿದ್ದೇವೆಯೋ, ಭೋಲಾನಂತಹ ಹುಡುಗರ ದಾರಿಗೆ ಅಡ್ಡವಾಗಿ ನಿಂತಿದ್ದೇವೆಯೋ? ಈ ಪ್ರಶ್ನೆಗಳನ್ನು ಹೊರಗಿನವರು ಕೇಳುವ ಮೊದಲು ನಾವೇ ಕೇಳಿಕೊಳ್ಳುವುದು ಒಳ್ಳೆಯದು.

‘ಮಂಥನ್’ ಪರಿಪೂರ್ಣ ಚಿತ್ರವಲ್ಲ. ಅದು ಬಿಂದುವಿಗೆ ಅನ್ಯಾಯ ಮಾಡಿದೆ, ತ್ರಿಭುವನದಾಸ್‌ರಂತಹ ಊರ ನಾಯಕನನ್ನು ಮರೆತಿದೆ. ಆದರೆ ಅದನ್ನು ನಿರ್ಮಿಸಿದ ಐದು ಲಕ್ಷ ಮಂದಿಯ ಬಗ್ಗೆ ಒಂದು ಕ್ಷಣ ಯೋಚಿಸೋಣ. ಅವರು ತಮ್ಮ ಎರಡು ರೂಪಾಯಿಗೆ ತಮ್ಮನ್ನೇ ಹೊಗಳುವ ಚಿತ್ರವನ್ನು ಕೇಳಬಹುದಿತ್ತು. ತಮ್ಮ ಊರಿನ ಜಾತಿಯ ಕ್ರೌರ್ಯವನ್ನು, ಒಡಕನ್ನು, ಸೋಲನ್ನು ತೋರಿಸುವ ಚಿತ್ರ ಅವರ ಹಣದಿಂದ ಬಂತು, ಅದನ್ನು ನೋಡಲು ಅವರೇ ಲಾರಿ ಹತ್ತಿ ಹೋದರು. ತನ್ನ ಯಜಮಾನರ ಮುಂದೆ ಇಂತಹ ಕನ್ನಡಿ ಹಿಡಿಯಬಲ್ಲ ಸಂಸ್ಥೆ, ಆ ಕನ್ನಡಿಯನ್ನು ನೋಡಬಲ್ಲ ಯಜಮಾನರು ಇಂದು ನಮ್ಮಲ್ಲಿ ಎಷ್ಟಿದ್ದಾರೆ? ಮುಂದಿನ ಬಾರಿ ಯಾವುದಾದರೂ ವಾರ್ಷಿಕ ಸಭೆಯಲ್ಲಿ ‘ಎಲ್ಲರ ಹಿತ’ ಎಂಬ ಮಾತು ಕಿವಿಗೆ ಬಿದ್ದಾಗ, ಹಿಂದಿನ ಸಾಲಿನಲ್ಲಿ ಕುಳಿತ ನಾವು ಎದ್ದು ನಿಂತು ಲೆಕ್ಕದ ಪುಸ್ತಕವನ್ನು ಕೇಳೋಣ.